ಯೆರವಡಾದಿಂದ ತಂದ ಹೆಪ್ಪು

ಪುಣೆ ಸ್ಟೇಷನ್

ರೈಲು ಪುಣೆ ತಲುಪಿದಾಗ ನನಗೆ ಬೇಕಾಗಿದ್ದದ್ದು ಒಂದು ಹಾಸಿಗೆ, ಅಷ್ಟೆ. ಡಂಡೀಯಿಂದ ಬೆಂಗಳೂರಿಗೆ ವಿಮಾನದಲ್ಲಿ ಬಂದು, ಅಣ್ಣನ ಮಗಳ ಮದುವೆಯ ಎಲ್ಲ ಶಾಸ್ತ್ರಗಳಿಗೂ ನಿಂತು, ಆಮೇಲೆ ಕರೆದ ನೆಂಟರ ಮನೆಗಳಲ್ಲೆಲ್ಲ ಉಂಡು, ಕಾಲು ಊದಿಸಿಕೊಂಡು ಈ ರೈಲು ಹತ್ತಿದ್ದೆ. ಡಂಡೀ ಎಂದರೆ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಒಂದು ಊರು. ಮೈಸೂರಿನಲ್ಲಿ ಹುಟ್ಟಿದ ನಾನು ಅಲ್ಲಿನ ಆಸ್ಪತ್ರೆಯ ಲ್ಯಾಬಿಗೆ ಕೆಲಸಕ್ಕೆಂದು ಹೋಗಿ ಅಲ್ಲಿಯವಳೇ ಆಗಿಬಿಟ್ಟೆ. ಮೈಸೂರು ಗೊತ್ತು, ಬೆಂಗಳೂರು ಅಲ್ಪಸ್ವಲ್ಪ ಗೊತ್ತು. ಪುಣೆಗೆ ಕಾಲಿಟ್ಟಿರಲಿಲ್ಲ. ಮರಾಠಿಯ ಒಂದು ಮಾತೂ ಬರುವುದಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಅದು ಪರದೇಶವೇ.

ಬಂದದ್ದು ಯೀಸ್ಟಿಗಾಗಿ. ಅಣ್ಣನಿಗೆ ಇದನ್ನು ಹೇಳಿದಾಗ ಅವನು ನಗಲೂ ಇಲ್ಲ. ಇವಳಿಗೆ ವಯಸ್ಸಾಯಿತು ಎಂದುಕೊಂಡವನಂತೆ ನನ್ನ ಮುಖ ನೋಡಿ, ರೈಲಿಗೆ ಮೊಸರನ್ನ ಕಟ್ಟಿಸಿಕೊಟ್ಟ.

ನಮ್ಮಲ್ಲಿ ಮನೆಯಲ್ಲಿ ಉಪ್ಪಿನಕಾಯಿ ಹಾಕುವಷ್ಟೇ ಸಹಜವಾಗಿ ಡಂಡೀಯಲ್ಲಿ ಕೆಲವರು ಮನೆಯಲ್ಲಿ ಬಿಯರ್ ಮಾಡುತ್ತಾರೆ. ನನಗೆ ಅದನ್ನು ಕಲಿಸಿದವರು ಪಕ್ಕದ ಮನೆಯ ಅಲೆಕ್. ಅವರು ಕೆಲಸ ಮಾಡುತ್ತಿದ್ದ ಸಣ್ಣ ಬಿಯರ್ ಕಾರ್ಖಾನೆ ಮುಚ್ಚಿದಾಗ, ಅಲ್ಲಿನ ಯೀಸ್ಟನ್ನು ಒಂದು ಜಾಡಿಯಲ್ಲಿ ಮನೆಗೆ ತಂದು ಬದುಕಿಸಿಕೊಂಡಿದ್ದರು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿ ಕಷಾಯವನ್ನು ಬಿಯರ್ ಮಾಡುವುದು ಈ ಯೀಸ್ಟ್ ಎಂಬ ಜೀವವೇ. ಒಂದೊಂದು ಯೀಸ್ಟಿಗೆ ಒಂದೊಂದು ರುಚಿ. ನಮ್ಮ ಮನೆಗಳಲ್ಲಿ ಮೊಸರಿನ ಹೆಪ್ಪು ಒಬ್ಬರಿಂದ ಒಬ್ಬರಿಗೆ ಹೋಗುವಂತೆ ಅಲೆಕ್‌ನ ಯೀಸ್ಟ್ ನನಗೆ ಬಂತು. ಕಳೆದ ಚಳಿಗಾಲದ ಬಿರುಗಾಳಿಯಲ್ಲಿ ನಮ್ಮ ಬೀದಿಗೆ ದಿನಗಟ್ಟಲೆ ಕರೆಂಟಿರಲಿಲ್ಲ. ಫ್ರೀಜರಿನಲ್ಲಿ ಇಟ್ಟದ್ದೆಲ್ಲ ಕರಗಿ ಸತ್ತುಹೋಯಿತು. ಅಷ್ಟರಲ್ಲಿ ಅಲೆಕ್ ಮನೆ ಮಾರಿ ವೃದ್ಧರ ಆರೈಕೆಯ ಮನೆಗೆ ಸೇರಿದ್ದರು. ಅವರ ಬಳಿಯೂ ಉಳಿದಿರಲಿಲ್ಲ. ನಾನು ನೋಡಲು ಹೋದಾಗಲೆಲ್ಲ ಅವರು ಕೇಳುತ್ತಿದ್ದದ್ದು ಒಂದೇ, ನಮ್ಮ ಬಿಯರ್ ಯಾವಾಗ ತರುತ್ತೀಯ ಎಂದು. ಸತ್ತಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆಗ ನೆನಪಾದವರು ಪುಣೆಯ ಮಲ್ಲಿಕಾರ್ಜುನ. ಅವರು ಜಮಖಂಡಿ ಕಡೆಯವರು. ಸಕ್ಕರೆ ಕಾರ್ಖಾನೆಯೊಂದರ ಮದ್ಯಸಾರ ವಿಭಾಗದಲ್ಲಿ ಯೀಸ್ಟ್ ಬೆಳೆಸುತ್ತಿದ್ದವರು, ಆಮೇಲೆ ವಿಮಾನ ನಗರದಲ್ಲಿ ತನ್ನದೇ ಬಿಯರ್ ತಯಾರಿಸುವ ಒಂದು ಪಬ್ಬಿಗೆ ತಯಾರಕರಾಗಿ ಸೇರಿದ್ದರು. ಇಂಟರ್ನೆಟ್ಟಿನಲ್ಲಿ ಯೀಸ್ಟಿನ ಬಗ್ಗೆ ಮಾತಾಡುವವರ ಗುಂಪೊಂದರಲ್ಲಿ ನಮ್ಮ ಪರಿಚಯ. ಕನ್ನಡದವರೆಂದು ಗೊತ್ತಾದ ಮೇಲೆ ಮಾತು ಬೆಳೆಯಿತು. ಎಷ್ಟೋ ವರ್ಷದ ಹಿಂದೆ ನಮ್ಮ ಆಸ್ಪತ್ರೆಯ ಡಾಕ್ಟರೊಬ್ಬರು ಪುಣೆಗೆ ಹೊರಟಾಗ ಅವರ ಕೈಯಲ್ಲಿ ಅಲೆಕ್‌ನ ಯೀಸ್ಟ್ ಕಳಿಸಿದ್ದೆ. ಈಗ ನಾನು ಕೇಳಿದ ಕೂಡಲೇ ಅವರು ಅಂಚೆಯಲ್ಲಿ ವಾಪಸು ಕಳಿಸಿದರು. ಲಕೋಟೆ ಎಲ್ಲೋ ಬಿಸಿಲಿನಲ್ಲಿ ಬಿದ್ದಿದ್ದು ಕೊನೆಗೆ ತಲುಪಿದಾಗ ಒಳಗಿನದರಲ್ಲಿ ಜೀವವಿರಲಿಲ್ಲ. ಇನ್ನೊಂದೇ ಟ್ಯೂಬ್ ಉಳಿದಿದೆ, ಅದನ್ನು ಮಾತ್ರ ಕಳಿಸಲು ಧೈರ್ಯವಿಲ್ಲ ಎಂದರು. ಹಾಗಾಗಿ ನಾನೇ ಬಂದೆ.

ಆಟೋದವನಿಗೆ ವಿಳಾಸ ಹೇಳಿದರೆ ತಿಳಿಯಲಿಲ್ಲ. ಯೆರವಡಾ ಎಂದೆ, ಜೈಲಿನ ಹತ್ತಿರ ಎಂದೆ. ಮಲ್ಲಿಕಾರ್ಜುನ ಅವರು ಹಾಗೆಯೇ ಹೇಳಿ ಎಂದಿದ್ದರು. ಅವನು ನನ್ನ ದೊಡ್ಡ ಸೂಟ್‌ಕೇಸನ್ನೂ ನನ್ನ ಮುಖವನ್ನೂ ನೋಡಿ, ಹಿಂದಿಯಲ್ಲಿ, ಒಳಗಿರುವವರು ಮಗನೋ ಯಜಮಾನರೋ ಎಂದು ಮೆಲ್ಲಗೆ ವಿಚಾರಿಸಿದ. ಯಾರೂ ಇಲ್ಲಪ್ಪಾ, ಸ್ನೇಹಿತರ ಮನೆ ಎಂದರೂ ಅವನಿಗೆ ನಂಬಿಕೆ ಬರಲಿಲ್ಲ. ದಾರಿಯುದ್ದಕ್ಕೂ ಅವನು ನನಗೆ ಸಮಾಧಾನ ಹೇಳುತ್ತ ಹೋದ. ವಾದಿಸುವ ಶಕ್ತಿಯಿಲ್ಲದೆ ನಾನು ಸಮಾಧಾನ ಮಾಡಿಕೊಳ್ಳುತ್ತ ಕೂತೆ.

ಯೆರವಡಾ

ಮೂರನೆಯ ಮಹಡಿ, ಲಿಫ್ಟಿಲ್ಲ. ಸೂಟ್‌ಕೇಸನ್ನು ಮಲ್ಲಿಕಾರ್ಜುನ ಅವರೇ ಬಂದು ಎತ್ತಿಕೊಂಡರು. ಅರವತ್ತು ದಾಟಿದ, ತೆಳ್ಳಗಿನ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಬಾಗಿಲಲ್ಲಿ ಅವರ ಹೆಂಡತಿ ಶಾಂತಾ ನಿಂತಿದ್ದರು, ಹಣೆಯ ಮೇಲೆ ಮೂರೆಳೆ ವಿಭೂತಿ.

"ಬರ್ರಿ ಅಕ್ಕಾರ, ಭಾಳ ದಣದೀರಿ," ಎಂದು ಅವರು ನೀರು ಕೊಟ್ಟರು. ನಾನು ಕುಡಿದು ಲೋಟ ಕೆಳಗಿಡುವ ಮೊದಲೇ, ಆ ಯೀಸ್ಟ್ ವಿಷಯದಲ್ಲಿ ತಮ್ಮದೊಂದು ಮಾತಿದೆ ಎಂದರು. ಅದು ಅಡಿಗೆ ಮನೆಯೊಳಗೆ ಬರಕೂಡದು, ತಮ್ಮ ಪಾತ್ರೆಗಳನ್ನು ಮುಟ್ಟಕೂಡದು, ತಾವೂ ಅದನ್ನು ಮುಟ್ಟುವುದಿಲ್ಲ. ಮದ್ಯದ ಕೆಲಸ ಮಾಡುವವರಿಗೆ ಮಗಳನ್ನು ಕೊಟ್ಟರು ಎಂದು ತಮ್ಮ ತವರೂರಿನವರು ಇವತ್ತಿಗೂ ಆಡಿಕೊಳ್ಳುತ್ತಾರೆ ಎಂದರು. ಇದನ್ನೆಲ್ಲ ಅವರು ಸಿಟ್ಟಿನಿಂದ ಹೇಳಲಿಲ್ಲ. ಹೇಳಿ ಮುಗಿಸಿ ನನಗೆ ಬಿಸಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಉಂಡವಳು ಅಲ್ಲೇ ದಿವಾನದ ಮೇಲೆ ಸಂಜೆಯವರೆಗೆ ಬಿದ್ದುಕೊಂಡೆ.

ಎದ್ದ ಮೇಲೆ ಮಲ್ಲಿಕಾರ್ಜುನ ಅವರು ಪಡಸಾಲೆಯ ಫ್ರಿಜ್ಜಿನೊಳಗೆ ಹಿಂಬದಿಯಿಂದ ಆ ಟ್ಯೂಬನ್ನು ತೆಗೆದು ತೋರಿಸಿದರು. ಬೆರಳುದ್ದದ್ದು. ಮೇಲೆ ಕಂದು ನೀರು, ತಳದಲ್ಲಿ ಕೆನೆಯಂತಿರಬೇಕಾದ ಪದರ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೊನೆಯ ಬಾರಿ ಇದಕ್ಕೆ ತಿನ್ನಲು ಕೊಟ್ಟದ್ದು ಯಾವಾಗ ಎಂದು ಕೇಳಿದೆ. ಪಬ್ ಬಿಟ್ಟ ಮೇಲೆ ಮುಟ್ಟಿಲ್ಲ ಎಂದರು. ಪಬ್ ಬಿಟ್ಟದ್ದು ನನಗೆ ಗೊತ್ತೇ ಇರಲಿಲ್ಲ. ಮೊಣಕಾಲು ನೋವು, ನಿಂತು ಕೆಲಸ ಮಾಡಲಾಗುತ್ತಿರಲಿಲ್ಲ ಎಂದರು. ನನ್ನ ಸೂಟ್‌ಕೇಸನ್ನು ಮೂರು ಮಹಡಿ ಹೊತ್ತು ತಂದವರು ಅವರು. ನಾನು ಆಗ ಅದನ್ನು ಯೋಚಿಸಲಿಲ್ಲ.

ಅಷ್ಟು ಹಳೆಯ ಯೀಸ್ಟನ್ನು ಎಬ್ಬಿಸುವುದು, ಉಪವಾಸ ಬಿದ್ದವರಿಗೆ ಊಟ ಕೊಡುವ ಹಾಗೆ. ಒಮ್ಮೆಗೇ ಎಲೆ ತುಂಬ ಬಡಿಸಿದರೆ ಉಳಿಯುವುದಿಲ್ಲ. ಮೊದಲು ಒಂದೆರಡು ಚಮಚೆಯಷ್ಟು ತೆಳುವಾದ ಬಾರ್ಲಿ ಕಷಾಯ. ಅದರಲ್ಲಿ ಚೇತರಿಸಿಕೊಂಡ ಮೇಲೆ ಅದರ ಹತ್ತರಷ್ಟು, ಆಮೇಲೆ ಮತ್ತೆ ಹತ್ತರಷ್ಟು. ಕಷಾಯ ಚೆನ್ನಾಗಿ ಕುದ್ದಿರಬೇಕು, ಪಾತ್ರೆಗಳು ಹಬೆಯಲ್ಲಿ ಬೆಂದಿರಬೇಕು, ಆರಿದ ಕಷಾಯದ ಬಿಸಿಯೂ ಯೀಸ್ಟಿನ ಬಿಸಿಯೂ ಒಂದೇ ಸಮ ಇರಬೇಕು. ಹಾಕುವ ಮುನ್ನ ಕಷಾಯವನ್ನು ಚೆನ್ನಾಗಿ ಕುಲುಕಬೇಕು, ಏಕೆಂದರೆ ಬೆಳೆಯುವಾಗ ಯೀಸ್ಟಿಗೆ ಗಾಳಿ ಬೇಕು. ಆಮೇಲೆ ಮುಚ್ಚಳವನ್ನು ಬಿಗಿಯದೆ ಸಡಿಲವಾಗಿ ಹೊದಿಸಿ, ತಂಪಾದ ಜಾಗದಲ್ಲಿಟ್ಟು, ಆ ಕಡೆ ಹಾದಾಗಲೆಲ್ಲ ಒಮ್ಮೆ ತಿರುಗಿಸಬೇಕು. ಇಷ್ಟೇ. ಡಂಡೀಯಲ್ಲಿ ತಂಪಾದ ಜಾಗ ಎಂದರೆ ಇಡೀ ಊರು. ಪುಣೆಯಲ್ಲಿ ಆಗ ಮಳೆ ಬರಬೇಕಾಗಿದ್ದ ಕಾಲ, ಮಳೆ ಬಂದಿರಲಿಲ್ಲ. ಗೋಡೆ ಮುಟ್ಟಿದರೂ ಬಿಸಿ.

ಪಾತ್ರೆಗಳನ್ನು ಹಬೆಯಲ್ಲಿ ಬೇಯಿಸಲು ಕುಕ್ಕರ್ ಬೇಕಾಯಿತು. ಶಾಂತಕ್ಕ ಸುಮ್ಮನೆ ಒಳಗೆ ಹೋಗಿ, ಅಟ್ಟದಿಂದ ಹಿಡಿ ಮುರಿದ ಒಂದು ಹಳೆಯ ಕುಕ್ಕರನ್ನು ಇಳಿಸಿ, ಬಾಲ್ಕನಿಯಲ್ಲಿ ಇಟ್ಟರು. ಪಕ್ಕದಲ್ಲಿ ಒಂದು ಸಣ್ಣ ಒಲೆ. ಅವರ ನಿಯಮವೂ ಮುರಿಯಲಿಲ್ಲ, ನಮ್ಮ ಕೆಲಸವೂ ನಿಲ್ಲಲಿಲ್ಲ. ಮಲ್ಲಿಕಾರ್ಜುನ ಅವರ ಕೈ ನೋಡುವುದೇ ಒಂದು ಸಂತೋಷ. ಟ್ಯೂಬಿನ ಬಾಯನ್ನು ಜ್ವಾಲೆಯಲ್ಲಿ ಆಡಿಸಿ, ಒಂದು ಹನಿ ಚೆಲ್ಲದೆ ಅರ್ಧ ಸುರಿದರು. ಅರ್ಧವನ್ನು ಉಳಿಸೋಣ ಎಂದು ನಾನು ಹಟ ಹಿಡಿದಿದ್ದೆ. ಲ್ಯಾಬಿನಲ್ಲಿ ದುಡಿದವರಿಗೆ ಬರುವ ಅಭ್ಯಾಸ ಅದು, ಇರುವುದನ್ನೆಲ್ಲ ಒಂದೇ ಸಲ ಹೂಡುವುದಿಲ್ಲ.

ಮರುದಿನ ಏನೂ ಇಲ್ಲ. ಅದರ ಮರುದಿನ ಬೆಳಿಗ್ಗೆ ಸೀಸೆಯ ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳ ಒಂದು ಗೆರೆ ಕಂಡಿತು. ನಾವಿಬ್ಬರೂ ಬಾಲ್ಕನಿಯಲ್ಲಿ ನಿಂತು ಅದನ್ನೇ ನೋಡಿದೆವು. ಶಾಂತಕ್ಕ ಒಳಗಿನಿಂದಲೇ, ಎದ್ದಿತೋ ಎಂದು ಕೇಳಿದರು.

ವಿಮಾನ ನಗರ

ಆ ಸಂಜೆ ತಾವು ಕೆಲಸ ಮಾಡಿದ ಜಾಗ ತೋರಿಸುತ್ತೇನೆಂದು ಮಲ್ಲಿಕಾರ್ಜುನ ಅವರು ಕರೆದುಕೊಂಡು ಹೋದರು. ಯೆರವಡಾದ ಸಣ್ಣ ಮನೆಗಳ ಸಾಲು ಮುಗಿಯುತ್ತಿದ್ದಂತೆ ಗಾಜಿನ ಕಟ್ಟಡಗಳು ಶುರುವಾದವು. ಮಾಲು, ಆಫೀಸು, ಕೊರಳಿಗೆ ಗುರುತಿನ ಚೀಟಿ ತೂಗುಬಿಟ್ಟ ಹುಡುಗ ಹುಡುಗಿಯರು. ತಲೆಯ ಮೇಲೆಯೇ ವಿಮಾನಗಳು ಇಳಿಯುತ್ತಿದ್ದವು, ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ನಾನೊಬ್ಬಳೇ ಪ್ರತಿ ಸಲವೂ ನಿಂತು ನೋಡುತ್ತಿದ್ದೆ. ಪಾದಚಾರಿ ದಾರಿ ಎಂಬುದು ಹತ್ತು ಹೆಜ್ಜೆಗೊಮ್ಮೆ ಮಾಯವಾಗಿ ಮತ್ತೆ ಹುಟ್ಟುತ್ತಿತ್ತು. ಡಂಡೀಯಲ್ಲಿ ನಡೆಯುವುದು ವಿಶ್ರಾಂತಿ. ಇಲ್ಲಿ ಅದೊಂದು ಉದ್ಯೋಗ.

ಪಬ್ಬಿನ ಮುಂದೆ ನಿಂತೆವು. ಗಾಜಿನ ಹಿಂದೆ ತಾಮ್ರದ ಬಣ್ಣದ ಪೀಪಾಯಿಗಳು ಹೊಳೆಯುತ್ತಿದ್ದವು. ಒಳಗೆ ಹೋಗೋಣವೇ, ನೀವು ಮಾಡುತ್ತಿದ್ದ ಬಿಯರ್ ರುಚಿ ನೋಡುತ್ತೇನೆ ಎಂದೆ. ಅವರು ಈಗ ಬೇರೆಯವರು ಮಾಡುತ್ತಾರೆ ಎಂದರು. ಬಾಗಿಲ ಬಳಿ ನಿಂತಿದ್ದ ಕಾವಲುಗಾರ ಅವರನ್ನು ಗುರುತಿಸಿ ಸಲಾಂ ಹೊಡೆದು, ಸಾಹೇಬರು ಬಹಳ ದಿನದ ಮೇಲೆ ಬಂದಿರಿ, ಬನ್ನಿ ಎಂದು ಹಿಂದಿಯಲ್ಲಿ ಕರೆದ. ಮಲ್ಲಿಕಾರ್ಜುನ ಅವರು ಮರಾಠಿಯಲ್ಲಿ ಏನೋ ಹೇಳಿ ನಕ್ಕು, ಬೇಗ ಬೇಗ ನಡೆದುಬಿಟ್ಟರು. ಮೊಣಕಾಲು ನೋವಿರುವವರ ನಡಿಗೆ ಅದಲ್ಲ ಎಂದು ಆಗ ನನಗೆ ಹೊಳೆಯಿತು. ಕೇಳುವುದು ಸರಿಯಲ್ಲ ಎನ್ನಿಸಿತು. ದಾರಿ ಬದಿಯಲ್ಲಿ ಅರ್ಧ ಲೋಟದ ಕಟಿಂಗ್ ಚಹಾ ಕುಡಿದು ಬಂದೆವು.

ಸಾಸವಡ

ಗುರುವಾರ ಬೆಳಿಗ್ಗೆ ಯೀಸ್ಟನ್ನು ದೊಡ್ಡ ಗಾಜಿನ ಫ್ಲಾಸ್ಕಿಗೆ ಬದಲಾಯಿಸಿದೆವು. ಅದೇ ದಿನ ಸಾಸವಡದಲ್ಲಿ ಶಾಂತಕ್ಕನ ತಂಗಿಯ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ನಾನು ಮನೆಯಲ್ಲೇ ಉಳಿಯುತ್ತೇನೆ, ಯೀಸ್ಟ್ ನೋಡಿಕೊಳ್ಳಬೇಕು ಎಂದೆ. ಶಾಂತಕ್ಕ ಕೇಳಲಿಲ್ಲ. ಮನೆಗೆ ಬಂದ ಅತಿಥಿಯನ್ನು ಒಂದು ಸೀಸೆಗೆ ಕಾವಲಿಟ್ಟು ಬಂದೆವು ಎಂದರೆ ತಂಗಿ ಏನಂದಾಳು ಎಂದರು. ಸಂಜೆಗೆ ವಾಪಸು ಎಂದು ಮಲ್ಲಿಕಾರ್ಜುನ ಅವರು ಮಾತು ಕೊಟ್ಟರು. ಫ್ಲಾಸ್ಕನ್ನು ಒಳಗೆ ತಂದು ಒದ್ದೆ ಬಟ್ಟೆ ಸುತ್ತಿ, ಫ್ಯಾನ್ ಹಾಕಿ, ಕಿಟಕಿ ಮುಚ್ಚಿ ಹೊರಟೆವು.

ಸಾಸವಡ ಸಣ್ಣ ಪೇಟೆ. ಸಂತ ಜ್ಞಾನೇಶ್ವರರ ಪಾದುಕೆಗಳ ಪಲ್ಲಕ್ಕಿ, ಅಂದರೆ ಪಾಲಖಿ, ಪಂಢರಪುರಕ್ಕೆ ಹೋಗುವ ದಾರಿಯಲ್ಲಿರುವ ಊರು. ನಾವು ಹೋದ ದಿನವೇ ಪಾಲಖಿ ಅಲ್ಲಿಗೆ ಬರುವುದಿತ್ತು. ಶಾಂತಕ್ಕನಿಗೆ ಅದು ಗೊತ್ತಿತ್ತೆಂದು ನನಗೀಗ ಅನುಮಾನ. ಊಟ ಮುಗಿಯುವಷ್ಟರಲ್ಲಿ ಪುಣೆಗೆ ಮರಳುವ ಘಾಟಿನ ರಸ್ತೆ ವಾಹನಗಳಿಗೆ ಬಂದ್ ಆಗಿತ್ತು. ಭಜನೆ ಮಾಡುತ್ತ ಬರುವ ಜನ, ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸರು, ತಾಳ, ಧೂಳು. ಬರಿಗಾಲಲ್ಲಿ ಬಂದ ಒಬ್ಬ ಮುದುಕಿ ನಮ್ಮ ಕೈಯಿಂದ ನೀರು ಕುಡಿದು, ನನ್ನ ಊದಿದ ಕಾಲು ನೋಡಿ, ಕುಳಿತುಕೊಳ್ಳಮ್ಮಾ ಎಂದು ಸನ್ನೆ ಮಾಡಿ ತಾನು ಮುಂದೆ ನಡೆದಳು. ನನಗೆ ನಾಚಿಕೆಯಾಯಿತು, ಆದರೂ ಕುಳಿತೆ. ಮನಸ್ಸೆಲ್ಲ ಆ ಫ್ಲಾಸ್ಕಿನಲ್ಲಿತ್ತು.

ಆಗಲೇ ಆ ವರ್ಷದ ಮೊದಲ ಮಳೆ ಬಂತು. ಯಾರೂ ಓಡಲಿಲ್ಲ. ಶಾಂತಕ್ಕ ರಸ್ತೆಯ ಬದಿಯಲ್ಲಿ ಕೈಮುಗಿದು ನೆನೆಯುತ್ತ ನಿಂತರು, ಅವರ ಪಕ್ಕದಲ್ಲಿ ನಾನೂ. ಆ ದಿನ ವಾಪಸಾಗಲು ದಾರಿಯೇ ಇರಲಿಲ್ಲ. ತಂಗಿಯ ಮನೆಯ ನೆಲದ ಮೇಲೆ ಒಂದಷ್ಟು ಯಾತ್ರಿಕರ ಜೊತೆ ಸಾಲಾಗಿ ಮಲಗಿದೆವು. ಪುಣೆಯಲ್ಲಿ ಗುರುವಾರ ರಿಪೇರಿಗೆಂದು ಕರೆಂಟ್ ತೆಗೆಯುತ್ತಾರೆ ಎಂಬುದು ಮಲ್ಲಿಕಾರ್ಜುನ ಅವರಿಗೆ ನೆನಪಾದದ್ದು ಮಲಗಿದ ಮೇಲೆ.

ಮತ್ತೆ ಯೆರವಡಾ

ಶುಕ್ರವಾರ ಮಧ್ಯಾಹ್ನ ಬಂದು ಬಾಗಿಲು ತೆಗೆದರೆ ಮನೆ ಒಲೆಯಂತಿತ್ತು. ಫ್ಯಾನ್ ತಿರುಗುತ್ತಿತ್ತು, ಆದರೆ ಎಷ್ಟೋ ಹೊತ್ತು ನಿಂತಿದ್ದಿರಬೇಕು, ಫ್ಲಾಸ್ಕಿಗೆ ಸುತ್ತಿದ ಬಟ್ಟೆ ಹಪ್ಪಳದಂತೆ ಒಣಗಿತ್ತು. ಮಲ್ಲಿಕಾರ್ಜುನ ಅವರು ಚಪ್ಪಲಿ ಬಿಡದೆ ಒಳಗೆ ನಡೆದರು. ಫ್ಲಾಸ್ಕಿನ ಮೇಲೆ ದಪ್ಪ ನೊರೆ ಇತ್ತು. ಅವರ ಮುಖ ಅರಳಿತು. ಎತ್ತಿ ಮೂಗಿನ ಹತ್ತಿರ ಹಿಡಿದು ಉಸಿರೆಳೆದರು.

"ಭಾಳ ಛಲೋ ಆಗೇದ ನೋಡ್ರಿ," ಎಂದರು. "ಬ್ರೆಡ್ಡಿನ ವಾಸನಿ ಬಂದದ."

ನಾನು ಬಾಗಿಲಲ್ಲೇ ಇದ್ದೆ. ಅಷ್ಟು ದೂರಕ್ಕೂ ಹುಳಿ ನಾತ ಬರುತ್ತಿತ್ತು. ವಾರಗಟ್ಟಲೆ ಮರೆತ ದೋಸೆ ಹಿಟ್ಟಿನ ನಾತ, ಅದರೊಳಗೆ ಕೊಳೆತ ಯಾವುದೋ ಒಂದು. ಸೆಕೆಯಲ್ಲಿ ನಿತ್ರಾಣಗೊಂಡ ಯೀಸ್ಟನ್ನು ಮೀರಿ ಬೇರೇನೋ ಬೆಳೆದುಬಿಟ್ಟಿತ್ತು. ಆ ವಾಸನೆಯನ್ನು ಬ್ರೆಡ್ ಎನ್ನಲು ಯಾರಿಂದಲೂ ಸಾಧ್ಯವಿರಲಿಲ್ಲ. ನಾನು ಅವರ ಕೈಯಿಂದ ಫ್ಲಾಸ್ಕ್ ತೆಗೆದುಕೊಂಡು ಕೆಳಗಿಟ್ಟೆ.

"ಮಲ್ಲಿಕಾರ್ಜುನ್ ಅವರೇ, ನಿಮಗೆ ವಾಸನೆ ಗೊತ್ತಾಗುತ್ತಾ?" ಎಂದೆ.

ಅವರು ಕುರ್ಚಿಯ ಮೇಲೆ ಕುಳಿತು, ಚಪ್ಪಲಿ ಬಿಚ್ಚಿ, ಅದನ್ನು ಜೋಡಿಸಿಟ್ಟರು.

"ಇಲ್ರಿ," ಎಂದರು. "ಜ್ವರ ಬಂದಿತ್ತಲ್ರಿ, ಎಲ್ಲಾರಿಗೂ ಬಂದಾಗ. ಆವಾಗ ಹೋದದ್ದು. ತಿರುಗಿ ಬರಲೇ ಇಲ್ಲ."

ಉಳಿದದ್ದನ್ನು ತಡೆದು ತಡೆದು ಹೇಳಿದರು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದರಂತೆ. ಬಣ್ಣ ನೋಡಿ, ನೊರೆ ನೋಡಿ, ನಾಲಿಗೆಯ ಹುಳಿ ಸಿಹಿ ನಂಬಿ ಪಬ್ಬಿನಲ್ಲಿ ಕೆಲಸ ತೂಗಿಸಿದರಂತೆ. ಒಂದು ಸಲ ಇಡೀ ಪೀಪಾಯಿ ಕೆಟ್ಟದ್ದು ಅವರಿಗೆ ತಿಳಿಯದೆ ಗಿರಾಕಿಗಳ ಮುಂದೆ ಹೋಯಿತು. ಮಾಲೀಕರು ಬೈಯಲಿಲ್ಲ, ಏನಾಯಿತು ಎಂದಷ್ಟೇ ಕೇಳಿದರು. ಇವರು ಮೊಣಕಾಲು ನೋವು ಎಂದು ಹೇಳಿ ಬಿಟ್ಟು ಬಂದರು. ಮನೆಯಲ್ಲೂ ಅದನ್ನೇ ಹೇಳಿದರು. ನನಗೂ.

ಶಾಂತಕ್ಕ ಅಡಿಗೆ ಮನೆಯ ಬಾಗಿಲಿಗೆ ಬಂದು ನಿಂತದ್ದನ್ನು ನಾವಿಬ್ಬರೂ ಗಮನಿಸಿರಲಿಲ್ಲ.

"ನನಗ ಗೊತ್ತದ," ಎಂದರು ಅವರು. "ಒಂದಿನ ಗ್ಯಾಸ್ ಸೋರಿ ಮನಿ ತುಂಬಾ ನಾರ್ತಿತ್ತು. ಇವರು ಅದರ ಮಗ್ಗಲ ಕೂತು ಪೇಪರ್ ಓದ್ಲಿಕತ್ತಿದ್ದರು. ಇವರು ಹೇಳ್ಲಿಲ್ಲ, ನಾ ಕೇಳ್ಲಿಲ್ಲ."

ಮಲ್ಲಿಕಾರ್ಜುನ ಅವರು ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಅವರಿಬ್ಬರ ನಡುವೆ ಇರಬಾರದೆಂದು ನಾನು ಫ್ಲಾಸ್ಕ್ ಎತ್ತಿಕೊಂಡು ಬಚ್ಚಲಿಗೆ ಹೋದೆ. ಒಳಗಿನದನ್ನೆಲ್ಲ ಸುರಿದು, ಬಿಸಿನೀರು ಹಾಕಿ ತೊಳೆಯುತ್ತ, ಬೇಕೆಂದೇ ತಡಮಾಡಿದೆ. ಹೊರಗೆ ಬಂದಾಗ ಇಬ್ಬರೂ ಚಹಾ ಕುಡಿಯುತ್ತಿದ್ದರು. ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ.

ಉಳಿಸಿದ ಅರ್ಧ ಟ್ಯೂಬ್ ಇತ್ತಲ್ಲ, ನಾಳೆ ಅದನ್ನು ಎಬ್ಬಿಸೋಣ ಎಂದೆ. ವಾಸನೆ ನೋಡಲು ನಾನಿದ್ದೇನೆ ಎಂದೂ ಹೇಳಿದೆ. ಆದರೆ ಬೆಳಿಗ್ಗೆ ಏಳುವಾಗ ನನ್ನ ತಲೆ ಕಬ್ಬಿಣದಂತಿತ್ತು. ಸಾಸವಡದ ಮಳೆ, ಮದುವೆಯ ದಣಿವು, ಎಲ್ಲ ಸೇರಿ ನೆಗಡಿ ಜ್ವರ ಹಿಡಿದಿತ್ತು. ಮೂಗು ಪೂರ್ತಿ ಕಟ್ಟಿಹೋಗಿತ್ತು. ಶಾಂತಕ್ಕ ಶುಂಠಿ ಕಷಾಯ ತಂದರೆ ಅದು ಶುಂಠಿ ಎಂದು ಗೊತ್ತಾದದ್ದು ಗಂಟಲು ಉರಿದ ಮೇಲೆ. ವಾಪಸು ಹೋಗುವ ವಿಮಾನ ಹತ್ತಿರವಾಗುತ್ತಿತ್ತು. ಇಷ್ಟು ದೂರ ಬಂದು, ಒಂದು ಅರ್ಧ ಟ್ಯೂಬ್ ಇಟ್ಟುಕೊಂಡು, ಮೂಗಿಲ್ಲದ ಇಬ್ಬರು ಎದುರೆದುರು ಕೂತಿದ್ದೆವು. ಅಳು ಬಂತು. ನೆಗಡಿಯಾದ್ದರಿಂದ ಅಳು ಯಾರಿಗೂ ತಿಳಿಯಲಿಲ್ಲ.

ಮಲ್ಲಿಕಾರ್ಜುನ ಅವರೇ ಎದ್ದು ಬಾಲ್ಕನಿಗೆ ಹೋದರು. ಸಾಮಾನುಗಳನ್ನು ಬೇಯಿಸಿ, ಕಷಾಯ ಕುದಿಸಿ ಆರಿಸಿ, ಟ್ಯೂಬಿನಲ್ಲಿ ಉಳಿದದ್ದನ್ನು ಸುರಿದರು. ನಾನು ದಿವಾನದ ಮೇಲೆ ಮಲಗಿ ನೋಡುತ್ತಿದ್ದೆ. ಈ ಸಲ ಸೀಸೆಯನ್ನು ನೀರು ತುಂಬಿದ ಮಣ್ಣಿನ ಮಡಕೆಯ ಬಾಯಲ್ಲಿ ಇಳಿಬಿಟ್ಟರು. ಮಳೆ ಬಂದ ಮೇಲೆ ಊರೂ ಸ್ವಲ್ಪ ತಣ್ಣಗಾಗಿತ್ತು. ಗುಳ್ಳೆ ಕಂಡಾಗ ಅದು ಯಾವುದರ ಗುಳ್ಳೆ, ಯೀಸ್ಟಿನದೋ ಹಿಂದಿನಂತೆ ಕೊಳೆತದ್ದರದೋ ಎಂದು ನಮ್ಮಿಬ್ಬರಲ್ಲಿ ಯಾರಿಗೂ ಹೇಳಲಾಗಲಿಲ್ಲ. ಕಣ್ಣಿಗೆ ಎರಡೂ ಒಂದೇ.

ಮೂಸಿ ನೋಡಿ ಎಂದು ಶಾಂತಕ್ಕನನ್ನು ನಾವು ಕೇಳಲಿಲ್ಲ. ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅವರೇ ಪೂಜೆ ಮುಗಿಸಿ ಬಂದು, ನಮ್ಮ ಮುಖಗಳನ್ನು ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಕೊಡ್ರಿ ಇಲ್ಲೆ," ಎಂದರು. ಸೀಸೆಯನ್ನು ಬಟ್ಟೆಯಲ್ಲಿ ಹಿಡಿದು, ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ ಮೂಸಿದರು. ಬೆಲ್ಲದ ನೀರಿನ ವಾಸನೆ, ಬೇರೇನೂ ಇಲ್ಲ ಎಂದರು. ಸರಿಯಾಗಿದೆ ಎಂದೆ. ಕೈ ತೊಳೆದುಕೊಂಡು ಒಳಗೆ ಹೋದರು.

ಮರುದಿನ ಅವರಾಗಿಯೇ ಬಂದರು. ನೆನೆಸಿಟ್ಟ ಜೋಳದ ವಾಸನೆ ಎಂದರು. ಅದೂ ಸರಿ. ದೊಡ್ಡ ಫ್ಲಾಸ್ಕಿಗೆ ಬದಲಾಯಿಸಿದೆವು. ಆ ಸಂಜೆ ಮೂಸಿ ಮುಖ ಸಿಂಡರಿಸಿ, ಬೆಂಕಿಕಡ್ಡಿ ಗೀರಿದ ವಾಸನೆ ಬರುತ್ತಿದೆ ಎಂದರು. ಗಂಧಕದ ಆ ವಾಸನೆ ಕೆಲವೊಮ್ಮೆ ಯೀಸ್ಟ್ ತ್ರಾಸು ಪಡುತ್ತಿರುವ ಗುರುತು, ಗಾಳಿಯೋ ಪೋಷಣೆಯೋ ಸಾಲದಿದ್ದರೆ ಬರುತ್ತದೆ. ಕೆಲವೊಮ್ಮೆ ತಾನೇ ಹೋಗುತ್ತದೆ. ಮಲ್ಲಿಕಾರ್ಜುನ ಅವರು ಫ್ಲಾಸ್ಕನ್ನು ಹಿಡಿದು ಮೆಲ್ಲಗೆ ತಿರುಗಿಸುತ್ತ ಕುಳಿತರು, ಕೈ ಸೋತಾಗ ಕೈ ಬದಲಿಸಿದರು. ಟಿವಿ ನೋಡುತ್ತಲೂ ತಿರುಗಿಸಿದರು. ಊಟಕ್ಕೆ ಕರೆದರೆ ಎದ್ದು ಬರಲಿಲ್ಲ.

ಬೆಳಿಗ್ಗೆ ಶಾಂತಕ್ಕ ಸ್ನಾನ ಮಾಡಿದವರೇ ಸೀದಾ ಬಾಲ್ಕನಿಗೆ ಹೋದರು. ನಾನು ಎದ್ದು ಕೂತೆ. ಅವರು ಕಣ್ಣು ಮುಚ್ಚಿ ಮೂಸಿದರು.

"ಕಡ್ಡಿ ವಾಸನಿ ಹೋಗೇದ," ಎಂದರು. "ತೊಟ್ಟ ಕಪ್ಪಾದ ಬಾಳೆಹಣ್ಣ ಇರ್ತದಲ್ಲ, ಹಂಗ ಅದ. ಅದರ ಹಿಂದ ಬ್ರೆಡ್."

"ಬ್ರೆಡ್ ಅಂದ್ರ ಎಂಥಾ ಬ್ರೆಡ್?" ಎಂದು ಮಲ್ಲಿಕಾರ್ಜುನ ಅವರು ಕೇಳಿದರು. "ಸುಟ್ಟದ್ದೋ, ಹಸೀದೋ?"

ಶಾಂತಕ್ಕ ಮತ್ತೊಮ್ಮೆ ಮೂಸಿ ಯೋಚಿಸಿದರು.

"ಲಗ್ನ ಆದ ಹೊಸದಾಗಿ ಕ್ಯಾಂಪ್ ಪ್ಯಾಟ್ಯಾಗ ಒಂದು ಬೇಕರಿ ಮುಂದ ನನ್ನ ನಿಲ್ಲಿಸ್ತಿದ್ದಿರಲ್ರಿ, ಮುಂಜಾನೆ ಭಟ್ಟಿ ತೆಗಿಯೂ ಹೊತ್ತಿಗೆ. ಆ ವಾಸನಿ."

ಮಲ್ಲಿಕಾರ್ಜುನ ಅವರು ಕಣ್ಣು ಮುಚ್ಚಿಕೊಂಡು, ತಲೆಯಾಡಿಸಿದರು. ಆ ವಾಸನೆ ಅವರಿಗೆ ಮೂಗಿನಿಂದ ಬರದಿದ್ದರೂ ಎಲ್ಲಿಂದಲೋ ಬಂದಿತು ಎಂದು ನನಗೆ ಅನ್ನಿಸಿತು. ಫ್ಲಾಸ್ಕಿನ ತಳದಲ್ಲಿ ಕೆನೆ ಬಣ್ಣದ ಪದರ ಕೂರತೊಡಗಿತ್ತು.

ವಿಮಾನ ನಿಲ್ದಾಣ

ಯೀಸ್ಟನ್ನು ಎರಡು ಬಗೆಯಲ್ಲಿ ಕಟ್ಟಿಕೊಂಡೆ. ಸ್ವಲ್ಪ ಟ್ಯೂಬಿನಲ್ಲಿ, ಸ್ವಲ್ಪವನ್ನು ಬೇಯಿಸಿದ ಕಾಗದದ ಮೇಲೆ ತೆಳ್ಳಗೆ ಬಳಿದು ಒಣಗಿಸಿ. ಒಂದು ಟ್ಯೂಬ್ ನಿಮ್ಮಲ್ಲೇ ಇರಲಿ ಎಂದೆ. ಮಲ್ಲಿಕಾರ್ಜುನ ಅವರು ಬೇಡವೆಂದರು. ತಮ್ಮಿಂದ ಇನ್ನು ಅದರ ಆರೈಕೆ ಆಗದು, ಕೆಟ್ಟರೂ ತಿಳಿಯದು ಎಂದರು. ಶಾಂತಕ್ಕ ಅವರ ಮಾತಿಗೆ ಕಿವಿಗೊಡದೆ ಟ್ಯೂಬನ್ನು ಒಯ್ದು ಫ್ರಿಜ್ಜಿನಲ್ಲಿಟ್ಟರು. ಹಿಂಬದಿಗಲ್ಲ, ಮುಂದೆ, ಮೊಸರಿನ ಪಕ್ಕ.

ಮನೆಯಿಂದ ವಿಮಾನ ನಿಲ್ದಾಣ ಹತ್ತಿರ. ಅವರಿಬ್ಬರೂ ಬಂದರು. ಶಾಂತಕ್ಕ ಶೇಂಗಾ ಚಟ್ನಿ ಪುಡಿಯ ಪೊಟ್ಟಣ ಕೊಟ್ಟರು. ನನ್ನ ಮೂಗು ಆಗಲೂ ಬಿಟ್ಟಿರಲಿಲ್ಲ. ವಿಮಾನಗಳು, ಕಾಯುವ ಸಾಲುಗಳು, ಇನ್ನೊಂದು ವಿಮಾನ, ಕೊನೆಗೆ ಬಸ್ಸು. ಡಂಡೀಯ ಮನೆಯ ಬಾಗಿಲು ತೆಗೆದು, ಟ್ಯೂಬನ್ನು ಫ್ರಿಜ್ಜಿನಲ್ಲಿಟ್ಟು, ಕೋಟು ಬಿಚ್ಚದೆ ಮಲಗಿದ್ದು ಮಾತ್ರ ನೆನಪಿದೆ.

ಡಂಡೀ

ಬಿಯರ್ ಆಯಿತು. ಅದು ಕಳಿಯುವವರೆಗೆ ಕಾದು, ಒಂದು ಭಾನುವಾರ ಎರಡು ಬಾಟಲಿ ತೆಗೆದುಕೊಂಡು ಅಲೆಕ್ ಇರುವಲ್ಲಿಗೆ ಹೋದೆ. ಅವರು ಕಿಟಕಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದರು. ಲೋಟ ಹಿಡಿಯಲು ಎರಡೂ ಕೈ ಬೇಕಾಗಿತ್ತು. ಮೂಸಿದರು, ಒಂದು ಗುಟುಕು ಕುಡಿದರು, ಬಾಯಲ್ಲೇ ಇಟ್ಟುಕೊಂಡು ನುಂಗಿದರು.

"ಇದು ನನ್ನದಲ್ಲ," ಎಂದರು.

ನಾನು ಎದುರಿನ ಕುರ್ಚಿಯಲ್ಲಿ ಕುಳಿತೆ. ಅವರದೇ, ಆದರೆ ಸೆಕೆಯ ಊರಿನಲ್ಲಿ ವರ್ಷಗಟ್ಟಲೆ ಬೆಳೆದು, ಹಸಿದು, ಎದ್ದು, ಯೀಸ್ಟೂ ಬದಲಾಗಿರಬೇಕು. ಹಣ್ಣಿನ ವಾಸನೆ ಮೊದಲಿಗಿಂತ ಮುಂದೆ ಬಂದಿತ್ತು, ನನಗೂ ಅದು ಗೊತ್ತಾಗಿತ್ತು. ಸುಳ್ಳು ಹೇಳಲು ಆಗಲಿಲ್ಲ. ಬಿರುಗಾಳಿಯಿಂದ ಹಿಡಿದು ಎಲ್ಲ ಹೇಳಿದೆ, ಮೂಗು ಕಳೆದುಕೊಂಡ ಮನುಷ್ಯನ ಬಗ್ಗೆ, ಅವನಿಗಾಗಿ ಮೂಸಿದ ಅವನ ಹೆಂಡತಿಯ ಬಗ್ಗೆ. ಅಲೆಕ್ ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡರು. ಮುಗಿದ ಮೇಲೆ ಲೋಟದಲ್ಲಿದ್ದದ್ದನ್ನು ಪೂರ್ತಿ ಕುಡಿದು, ಇನ್ನಷ್ಟು ಹಾಕು ಎಂದು ಮುಂದೆ ಚಾಚಿದರು.

"ಆ ಹೆಂಗಸಿಗೆ ಹೇಳು, ಚೆನ್ನಾಗಿ ನೋಡಿಕೊಂಡಿದ್ದಾಳೆ ಅಂತ," ಎಂದರು.

ಮನೆಗೆ ಬಂದು ಯೆರವಡಾಕ್ಕೆ ಫೋನ್ ಮಾಡಿದೆ. ಶಾಂತಕ್ಕನೇ ಎತ್ತಿದರು. ಅಲೆಕ್ ಹೇಳಿದ್ದನ್ನು ಹಾಗೆಯೇ ಹೇಳಿದೆ. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಹಿಂದೆ ಮಲ್ಲಿಕಾರ್ಜುನ ಅವರು ಏನೋ ಹೇಳುತ್ತಿದ್ದದ್ದೂ, ಇವರು ತಡೀರಿ ಎಂದು ಅವರನ್ನು ಸುಮ್ಮನಿರಿಸಿದ್ದೂ ಕೇಳಿಸಿತು.

"ಅದೆಲ್ಲಾ ಇರ್ಲಿ ಅಕ್ಕಾರ," ಎಂದರು ಶಾಂತಕ್ಕ. "ಮೊನ್ನೆ ಇವರು ಅದನ್ನ ಮತ್ತ ಎಬ್ಬಿಸ್ಯಾರ. ನಿನ್ನೆತನಕಾ ಛಲೋ ಇತ್ತು. ಇವತ್ತ ಸ್ವಲ್ಪ ಹುಳಿ ವಾಸನಿ ಬರ್ಲಿಕತ್ತದ, ಮೊಸರಿಂದಲ್ಲ, ಹುಣಸಿಕಾಯಿದು. ಚೆಲ್ಲಬೇಕೋ, ಇನ್ನೊಂದ್ ದಿನಾ ನೋಡಬೇಕೋ, ನನಗ ಸರಿಯಾಗಿ ಹೇಳಿಕೊಡ್ರಿ."